ಬೆಲ್ಲ, ಬಾಳೆ, ಬಂಡೂರು ಕುರಿ: ಮಂಡ್ಯ–ಮೈಸೂರಲ್ಲಿ ಕೃಷಿ ಉದ್ಯಮಕ್ಕೆ ಯಾವ ಸರ್ಕಾರಿ ಯೋಜನೆ ಹಿಡಿಯಬೇಕು?

ಪಾಂಡವಪುರದ ಕಡೆ ಹೋದರೂ ಅಷ್ಟೇ, ಟಿ. ನರಸೀಪುರದ ಕಡೆ ಹೋದರೂ ಅಷ್ಟೇ. ಸ್ವಂತ ಉದ್ಯಮದ ಮಾತು ಬಂದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ಅಣ್ಣ, ಯಾವುದ್ರಲ್ಲಿ ಸಬ್ಸಿಡಿ ಜಾಸ್ತಿ ಬತ್ತದೆ?" ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಇದೊಂದೇ ಪ್ರಶ್ನೆ ಹಿಡಿದು ಹೊರಟವರು ಸಾಮಾನ್ಯವಾಗಿ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಸಾಲದ ಜೊತೆ ಬರುವ ಸಬ್ಸಿಡಿ ನಿಮ್ಮ ಕೈಗೆ ಬರುವ ದುಡ್ಡಲ್ಲ. ಅದು ಬ್ಯಾಂಕಿಗೆ ಬಂದು, ಮೂರು ವರ್ಷ ಅಲ್ಲೇ ಕೂತಿದ್ದು, ಆಮೇಲೆ ಸಾಲಕ್ಕೆ ಜಮಾ ಆಗುವ ದುಡ್ಡು. ಆ ಮೂರು ವರ್ಷ ಘಟಕ ಓಡಿಸಬೇಕಾದವರು ನೀವೇ.

ಹಾಗಾಗಿ ಬೇರೆ ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೆಲಸದಲ್ಲಿ ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ? ಮಿಷನ್ ಕೊಳ್ಳುವಾಗಲಾ, ದಿನಾ ಕಚ್ಚಾ ಮಾಲು ತರುವಾಗಲಾ, ಮಾಲು ಇಟ್ಟುಕೊಳ್ಳಲು ಜಾಗ ಇಲ್ಲದೆಯಾ, ಇಲ್ಲ ಮಾರುವವರೇ ಇಲ್ಲದೆಯಾ? ಒಂದೊಂದು ಯೋಜನೆ ಇದರಲ್ಲಿ ಒಂದೊಂದಕ್ಕೆ ಮಾತ್ರ ಉತ್ತರ. ಎಲ್ಲಕ್ಕೂ ಆಗುವ ಯೋಜನೆ ಯಾವುದೂ ಇಲ್ಲ.

ನಮ್ಮ ಎರಡು ಜಿಲ್ಲೆಯವರಿಗೆ ನಿಜವಾಗಿ ಕೆಲಸಕ್ಕೆ ಬರುವ ಯೋಜನೆಗಳನ್ನಷ್ಟೇ ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಮೊದಲೇ ಒಂದು ಮಾತು: ಇವುಗಳಲ್ಲಿ ಮುಖ್ಯವಾದವಕ್ಕೆ 2025-26ರ ಆರ್ಥಿಕ ವರ್ಷದವರೆಗೆ ಎಂದು ಅವಧಿ ನಿಗದಿಯಾಗಿತ್ತು. ಆದ್ದರಿಂದ ಕೊಟೇಶನ್ ತರುವ ಮೊದಲು ಪೋರ್ಟಲ್‌ನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ನೋಡಿ.

ಪಿಎಂಎಫ್‌ಎಂಇ: ತಿನ್ನುವ ಪದಾರ್ಥ ಮಾಡುವವರಿಗೆ

ಪೂರ್ತಿ ಹೆಸರು ಪ್ರಧಾನ ಮಂತ್ರಿಗಳ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ. ಉಸಿರು ಬಿಗಿಹಿಡಿದು ಹೇಳಬೇಕು, ಅದಕ್ಕೇ ಎಲ್ಲರೂ ಪಿಎಂಎಫ್‌ಎಂಇ ಅಂತಾರೆ. 2020ರ ಜೂನ್ 29ರಂದು ಶುರುವಾಯಿತು. ಒಟ್ಟು ಗಾತ್ರ ₹10,000 ಕೋಟಿ.

ಕೇಂದ್ರದ ಲೆಕ್ಕದಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ, ಗರಿಷ್ಠ ₹10 ಲಕ್ಷ. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಅದರ ಮೇಲೆ ಇನ್ನೂ ಶೇ 15 ಸೇರಿಸುತ್ತದೆ. ಒಟ್ಟು ಶೇ 50, ಗರಿಷ್ಠ ₹15 ಲಕ್ಷ. ಈ ಹೆಚ್ಚುವರಿ ಪಾಲು ಗೊತ್ತಿಲ್ಲದೆ ಶೇ 35 ಅಂತಲೇ ಲೆಕ್ಕ ಹಾಕಿ ಸುಮ್ಮನಾದವರೂ ಇದ್ದಾರೆ. ನಿಮ್ಮ ಕೈಯಿಂದ ಕನಿಷ್ಠ ಶೇ 10 ಹಾಕಬೇಕು. ಉಳಿದದ್ದು ಬ್ಯಾಂಕ್ ಸಾಲ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ಕರ್ನಾಟಕ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಜಿಲ್ಲೆಯಲ್ಲಿ ವಿಚಾರಿಸಬೇಕಾದ ಜಾಗ ಜಂಟಿ ಕೃಷಿ ನಿರ್ದೇಶಕರ ಕಚೇರಿ.

'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಮಂಡ್ಯಕ್ಕೆ ಬೆಲ್ಲ, ಮೈಸೂರಿಗೆ ಬಾಳೆ. ಹಾಗಂತ ಮಂಡ್ಯದವರು ಬೆಲ್ಲ ಬಿಟ್ಟು ಬೇರೇನೂ ಮಾಡಬಾರದು ಅಂತಲ್ಲ. ರಾಗಿ ಮಾಲ್ಟ್, ಉಪ್ಪಿನಕಾಯಿ, ಎಣ್ಣೆ ಗಾಣ, ಬೇಕರಿ ತಿನಿಸು, ಯಾವುದಕ್ಕಾದರೂ ಅರ್ಜಿ ಹಾಕಬಹುದು. ಈಗಾಗಲೇ ಓಡುತ್ತಿರುವ ಘಟಕ ದೊಡ್ಡದು ಮಾಡಲೂ ಸಿಗುತ್ತದೆ, ಹೊಸದಕ್ಕೂ ಸಿಗುತ್ತದೆ. ಇದೇ ಇದರ ದೊಡ್ಡ ಗುಣ. ಅಪ್ಪನ ಕಾಲದ ಆಲೆಮನೆ ಇದ್ದವರು ಅದನ್ನು ಕೆಡವಿ ಹೊಸ ಹೆಸರಲ್ಲಿ ನಾಟಕ ಆಡಬೇಕಿಲ್ಲ.

ಮಹಿಳಾ ಸ್ವಸಹಾಯ ಸಂಘದವರಿಗೆ ಇದರಲ್ಲೇ ಇನ್ನೊಂದು ದಾರಿ ಇದೆ. ತಿಂಡಿ-ತಿನಿಸು ಮಾಡುವ ಪ್ರತಿ ಸದಸ್ಯೆಗೆ ₹40,000ದವರೆಗೆ ಬೀಜಧನ. ಸಣ್ಣ ಯಂತ್ರ ಕೊಳ್ಳಲು, ಮಾಲು ತರಲು ಅದು ಆಗುತ್ತದೆ. ಹಪ್ಪಳ, ಚಟ್ನಿಪುಡಿ ಮಾಡುವ ಸಂಘಕ್ಕೆ ದೊಡ್ಡ ಸಾಲಕ್ಕಿಂತ ಇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಈಗ ಕೊರತೆ. ಜಮೀನಿನ ಬೆಲೆ ಇದರಲ್ಲಿ ಸೇರಲ್ಲ. ಕಟ್ಟಡ ಕೆಲಸಕ್ಕೂ ಮಿತಿ ಇದೆ. ಮುಖ್ಯವಾಗಿ, ದಿನನಿತ್ಯ ಮಾಲು ಕೊಳ್ಳಲು ಬೇಕಾದ ದುಡಿಯುವ ಬಂಡವಾಳಕ್ಕೆ ಸಬ್ಸಿಡಿ ಇಲ್ಲ. ಮಿಷನ್ ಬಂದು ನಿಂತಿದೆ, ಅರೆಯಲು ಕಬ್ಬಿಲ್ಲ ಅನ್ನುವ ಸ್ಥಿತಿ ಬರೋದು ಇಲ್ಲೇ.

ಕಬ್ಬಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡೋಣ

ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ. ತಳಿ ಚೆನ್ನಾಗಿದ್ದು, ಕಬ್ಬು ಬಲಿತಿದ್ದರೆ ಸ್ವಲ್ಪ ಜಾಸ್ತಿ, ಎಳೆ ಕಬ್ಬಾದರೆ ಕಮ್ಮಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ ₹355. ಇಳುವರಿ ಶೇ 9.5 ಅಥವಾ ಅದಕ್ಕಿಂತ ಕಮ್ಮಿ ಇದ್ದರೂ ₹329.05ಕ್ಕೆ ಇಳಿಯುವಂತಿಲ್ಲ. ಇದು ಸಕ್ಕರೆ ಕಾರ್ಖಾನೆಗೆ ಹಾಕಿದ ಕಟ್ಟಳೆ, ಆಲೆಮನೆಗಲ್ಲ. ಆದರೆ ರೈತ ನಿಮ್ಮ ಹತ್ತಿರ ರೇಟು ಕೇಳುವಾಗ ಕಾರ್ಖಾನೆ ಕೊಡುವುದನ್ನು ನೋಡಿಕೊಂಡೇ ಕೇಳುತ್ತಾನೆ, ಅಲ್ವಾ?

ಟನ್ನಿಗೆ ₹3,300 ಅಂತ ಹಿಡಿಯಿರಿ. ಒಂದು ಕೆ.ಜಿ. ಬೆಲ್ಲದಲ್ಲಿ ಬರೀ ಕಬ್ಬಿನ ದುಡ್ಡೇ ₹33. ಅದರ ಮೇಲೆ ಕಡಿಯುವ ಕೂಲಿ, ಸಾಗಾಣಿಕೆ, ಕೊಪ್ಪರಿಗೆ ಮುಂದೆ ನಿಲ್ಲುವವರ ಕೂಲಿ, ಕರೆಂಟು. ದಿನಕ್ಕೆ 10 ಟನ್ ಅರೆದರೆ ಕಬ್ಬಿಗೆ ದಿನಾ ₹33,000. ತಿಂಗಳಿಗೆ 25 ದಿನ ಓಡಿದರೆ ₹8.25 ಲಕ್ಷ. ಮಂಡ್ಯ ಎಪಿಎಂಸಿಗೆ ಹಾಕಿದ ಬೆಲ್ಲದ ದುಡ್ಡು ಬೇಗ ಬಂದರೆ ಪರವಾಗಿಲ್ಲ. ಡಬ್ಬಿ, ಪೌಚ್ ಮಾಡಿ ಸೂಪರ್‌ಮಾರ್ಕೆಟ್‌ಗೆ ಕೊಡ್ತೀನಿ ಅಂತ ಹೊರಟರೆ ಬಿಲ್ ಪಾಸಾಗಲು ತಿಂಗಳುಗಟ್ಟಲೆ ಆಗುತ್ತದೆ. ಅಲ್ಲಿಯವರೆಗೂ ಗದ್ದೆಯಿಂದ ಕಬ್ಬು ಬರುತ್ತಲೇ ಇರಬೇಕು.

ಹೀಗಾಗಿ ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಮಿಷನ್ ಸಾಲದ ಜೊತೆಗೇ ಕ್ಯಾಶ್ ಕ್ರೆಡಿಟ್ ಮಿತಿಯನ್ನೂ (ಮಾಲು ಕೊಳ್ಳಲು ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಸಾಲ) ಕೇಳಿ. ಆಮೇಲೆ ಕೇಳೋಣ ಅಂದ್ರೆ ಮ್ಯಾನೇಜರ್ "ಮೊದಲು ಒಂದು ವರ್ಷ ವಹಿವಾಟು ತೋರಿಸಿ" ಅಂತಾರೆ. ಅವರು ಹೇಳುವುದರಲ್ಲೂ ನ್ಯಾಯ ಇದೆ.

ಪಿಎಂಇಜಿಪಿ: ಹೊಸದಾಗಿ ಶುರು ಮಾಡುವವರಿಗೆ

ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ ಹಳೆಯದು, 2008ರಿಂದ ಇದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ, ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರ ಇದನ್ನು ನಡೆಸುತ್ತವೆ. ತಯಾರಿಕಾ ಘಟಕಕ್ಕೆ ₹50 ಲಕ್ಷದವರೆಗೆ, ಸೇವಾ ಘಟಕಕ್ಕೆ ₹20 ಲಕ್ಷದವರೆಗೆ ಯೋಜನಾ ವೆಚ್ಚ.

ಸಬ್ಸಿಡಿ ಎಷ್ಟು ಅನ್ನೋದು ನೀವು ಯಾರು, ಘಟಕ ಎಲ್ಲಿ ಅನ್ನೋದರ ಮೇಲೆ ನಿಂತಿದೆ. ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಮಾಜಿ ಸೈನಿಕರು, ಅಂಗವಿಕಲರಿಗೆ ಪಟ್ಟಣದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಕೈಯಿಂದ ಹಾಕುವುದು ಸಾಮಾನ್ಯ ವರ್ಗಕ್ಕೆ ಶೇ 10, ಉಳಿದವರಿಗೆ ಶೇ 5. ಅಂದರೆ ಮಂಡ್ಯ ನಗರದೊಳಗೆ ಬಾಡಿಗೆ ಶೆಡ್ ಹುಡುಕುವ ಬದಲು ಊರಲ್ಲೇ ಹಾಕಿದರೆ ₹20 ಲಕ್ಷದ ಘಟಕಕ್ಕೆ ₹2 ಲಕ್ಷ ಸಬ್ಸಿಡಿ ಹೆಚ್ಚು. ಬಾಡಿಗೆ ಉಳಿತಾಯ ಬೇರೆ.

ತಯಾರಿಕೆಯಲ್ಲಿ ₹10 ಲಕ್ಷ ಮೀರಿದರೆ, ಸೇವೆಯಲ್ಲಿ ₹5 ಲಕ್ಷ ಮೀರಿದರೆ ಎಂಟನೇ ಕ್ಲಾಸ್ ಪಾಸಾಗಿರಬೇಕು. ಉದ್ಯಮಶೀಲತಾ ತರಬೇತಿಯನ್ನೂ ಮುಗಿಸಬೇಕು. ಅದನ್ನು ಕಾಟಾಚಾರ ಅಂದುಕೊಳ್ಳಬೇಡಿ. ಲೆಕ್ಕಪತ್ರ ಇಡುವುದನ್ನು ಯಾರೂ ಹೇಳಿಕೊಡದ ನಮ್ಮ ಹುಡುಗರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಪಿಎಂಎಫ್‌ಎಂಇ ಪಕ್ಕದಲ್ಲಿಟ್ಟರೆ ಎರಡು ವ್ಯತ್ಯಾಸ ಎದ್ದು ಕಾಣುತ್ತವೆ. ಒಂದು, ಇದು ಹೊಸ ಘಟಕಕ್ಕೆ ಮಾತ್ರ. ಬೇರೆ ಸರ್ಕಾರಿ ಸಬ್ಸಿಡಿ ಪಡೆದ ಘಟಕಕ್ಕೂ ಇಲ್ಲ. ಎರಡು, ಇದರ ಯೋಜನಾ ವೆಚ್ಚದಲ್ಲಿ ಒಂದು ಸುತ್ತಿನ ದುಡಿಯುವ ಬಂಡವಾಳವೂ ಸೇರುತ್ತದೆ. ಕಬ್ಬಿನ ಲೆಕ್ಕ ನೋಡಿದಿರಲ್ಲ, ಈ ಎರಡನೆಯದು ಸಣ್ಣ ವಿಷಯವಲ್ಲ. ಶೇಕಡಾವಾರು ಕಮ್ಮಿ ಇದ್ದರೂ ಕೆಲವರಿಗೆ ಪಿಎಂಇಜಿಪಿ ಹೆಚ್ಚು ಹೊಂದುವುದು ಇದೇ ಕಾರಣಕ್ಕೆ.

ಇನ್ನೊಂದು. ಪಿಎಂಎಫ್‌ಎಂಇ ಆಹಾರ ಪದಾರ್ಥಕ್ಕೆ ಮಾತ್ರ. ತೆಂಗಿನ ನಾರಿನ ಹಗ್ಗ, ಬಾಳೆ ನಾರಿನ ಚಾಪೆ, ಅಡಿಕೆ ಹಾಳೆ ತಟ್ಟೆ, ಎರೆಗೊಬ್ಬರ ಇಂಥವು ಮಾಡುವವರಿಗೆ ಆ ಬಾಗಿಲು ಇಲ್ಲ. ಅವರು ನೇರ ಪಿಎಂಇಜಿಪಿಗೆ ಬರಬೇಕು.

ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ

ಹಳ್ಳಿಯಲ್ಲಿ ₹20 ಲಕ್ಷದ ಘಟಕ, ಎಲ್ಲಾ ಖರ್ಚೂ ಸಬ್ಸಿಡಿ ಲೆಕ್ಕಕ್ಕೆ ಸೇರುವಂಥದ್ದೇ ಅಂದುಕೊಳ್ಳಿ. ಪಿಎಂಎಫ್‌ಎಂಇಯಲ್ಲಿ ನಿಮ್ಮ ಕೈಯಿಂದ ₹2 ಲಕ್ಷ, ಸಾಲ ₹18 ಲಕ್ಷ, ಸಬ್ಸಿಡಿ ₹10 ಲಕ್ಷ. ಕೊನೆಗೆ ನೀವು ತೀರಿಸುವ ಅಸಲು ₹8 ಲಕ್ಷ. ಪಿಎಂಇಜಿಪಿಯಲ್ಲಿ ಸಾಮಾನ್ಯ ವರ್ಗವಾದರೆ ಕೈಯಿಂದ ₹2 ಲಕ್ಷ, ಸಬ್ಸಿಡಿ ₹5 ಲಕ್ಷ, ತೀರಿಸುವುದು ₹13 ಲಕ್ಷ. ಅದೇ ಘಟಕ ಹೆಂಡತಿಯ ಹೆಸರಲ್ಲಾದರೆ ಕೈಯಿಂದ ₹1 ಲಕ್ಷ, ಸಬ್ಸಿಡಿ ₹7 ಲಕ್ಷ, ತೀರಿಸುವುದು ₹12 ಲಕ್ಷ. (ಹೆಸರು ಅವರದ್ದು, ವ್ಯವಹಾರ ನನ್ನದು ಅನ್ನೋದು ಬೇಡ. ಬ್ಯಾಂಕಿನಲ್ಲಿ ಪ್ರಶ್ನೆ ಕೇಳುವುದು ಅವರನ್ನೇ. ನಿಜವಾಗಿ ನಡೆಸುವವರು ಅವರಾದರೆ ಮಾತ್ರ ಅವರ ಹೆಸರಲ್ಲಿ ಹಾಕಿ.)

ಎರಡರಲ್ಲೂ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತಿಲ್ಲ. ಪಾಸ್‌ಬುಕ್ ತೆಗೆದು ಇದನ್ನು ಖಚಿತ ಮಾಡಿಕೊಳ್ಳಿ. ಬ್ಯಾಂಕಿನವರು ಪೂರ್ತಿ ಸಾಲಕ್ಕೆ ಬಡ್ಡಿ ಹಾಕಿಕೊಂಡು ಹೋಗುತ್ತಿದ್ದರೂ ಗಮನಿಸದೆ ಇರುವವರಿದ್ದಾರೆ. ಮೂರು ವರ್ಷ ಆದ ಮೇಲೆ ಖಾತೆ ಸರಿಯಾಗಿದ್ದು, ಘಟಕ ಓಡುತ್ತಿದ್ದರೆ ಮಾತ್ರ ಆ ದುಡ್ಡು ಸಾಲಕ್ಕೆ ಜಮಾ. ನಡುವೆ ಬೀಗ ಹಾಕಿದರೆ ಸಬ್ಸಿಡಿ ವಾಪಸ್, ಸಾಲ ಮಾತ್ರ ನಿಮ್ಮದು.

ಎಐಎಫ್: ಗೋದಾಮು, ಪ್ಯಾಕ್‌ಹೌಸ್, ಕೋಲ್ಡ್ ಸ್ಟೋರೇಜ್

ಕೃಷಿ ಮೂಲಸೌಕರ್ಯ ನಿಧಿ ಸಬ್ಸಿಡಿ ಯೋಜನೆ ಅಲ್ಲ. ಬಡ್ಡಿ ಕಮ್ಮಿ ಮಾಡುವ ಯೋಜನೆ. 2020ರ ಆಗಸ್ಟ್‌ನಲ್ಲಿ ₹1 ಲಕ್ಷ ಕೋಟಿ ಗಾತ್ರದಲ್ಲಿ ಶುರುವಾಯಿತು. ₹2 ಕೋಟಿವರೆಗಿನ ಸಾಲಕ್ಕೆ ವರ್ಷಕ್ಕೆ ಶೇ 3 ಬಡ್ಡಿ ರಿಯಾಯಿತಿ, ಗರಿಷ್ಠ ಏಳು ವರ್ಷ. ಬ್ಯಾಂಕ್ ಶೇ 9ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಅಂದರೆ ನಿಮಗೆ ಬೀಳುವುದು ಶೇ 6ರ ಆಸುಪಾಸು. ಸಾಲ ಖಾತರಿಯ ಶುಲ್ಕವನ್ನೂ ಸರ್ಕಾರವೇ ಕಟ್ಟುತ್ತದೆ.

ಮೇಲಿನ ₹18 ಲಕ್ಷದ ಸಾಲವನ್ನೇ ತೆಗೆದುಕೊಳ್ಳಿ. ಏಳು ವರ್ಷದಲ್ಲಿ ಸಮ ಕಂತಲ್ಲಿ ಅಸಲು ತೀರಿಸಿದರೆ ಶೇ 3ರ ರಿಯಾಯಿತಿಯಿಂದ ಉಳಿಯುವುದು ಒಟ್ಟು ₹2.16 ಲಕ್ಷ. ₹10 ಲಕ್ಷದ ಸಬ್ಸಿಡಿ ಮುಂದೆ ಇದೇನು ಅನಿಸಬಹುದು. ಹಾಗಾಗಿ ಸಣ್ಣ ಘಟಕಕ್ಕೆ ಎಐಎಫ್ ಒಂದನ್ನೇ ನಂಬಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ದೊಡ್ಡ ಸಾಲಕ್ಕೆ ಮಾತ್ರ ಲೆಕ್ಕ ತಿರುಗುತ್ತದೆ. ₹1.5 ಕೋಟಿಯ ಗೋದಾಮಿಗೆ ಮೊದಲ ವರ್ಷವೇ ₹4.5 ಲಕ್ಷದಷ್ಟು ಬಡ್ಡಿ ಉಳಿಯುತ್ತದೆ. ಪಿಎಂಎಫ್‌ಎಂಇಯ ₹15 ಲಕ್ಷದ ಮಿತಿ ಅಂಥ ಯೋಜನೆಗೆ ಸಣ್ಣದಾಗಿ ಕಾಣುತ್ತದೆ.

ಇದರ ಇನ್ನೊಂದು ಅನುಕೂಲ, ಬೇರೆ ಸಬ್ಸಿಡಿ ಜೊತೆ ಸೇರಿಸಿಕೊಳ್ಳಬಹುದು. ಅರ್ಹ ಘಟಕವಾದರೆ ಪಿಎಂಎಫ್‌ಎಂಇ ಸಬ್ಸಿಡಿಯೂ ಸಿಗುತ್ತದೆ, ಸಾಲದ ಮೇಲೆ ಎಐಎಫ್ ಬಡ್ಡಿ ರಿಯಾಯಿತಿಯೂ ಸಿಗುತ್ತದೆ. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಕಮ್ಮಿ. ನೀವೇ ಕೇಳಬೇಕು. ಆದರೆ ಎಐಎಫ್ ಮೂಲತಃ ಕೊಯ್ಲಿನ ನಂತರದ ಕೆಲಸ ಮತ್ತು ಪ್ರಾಥಮಿಕ ಸಂಸ್ಕರಣೆಗೆ. ವಿಂಗಡಣೆ, ಶುಚಿ ಮಾಡುವುದು, ಒಣಗಿಸುವುದು, ಸಂಗ್ರಹ. 2024ರಲ್ಲಿ ಪ್ರಾಥಮಿಕ ಮತ್ತು ಮುಂದಿನ ಹಂತದ ಸಂಸ್ಕರಣೆ ಎರಡೂ ಒಂದೇ ಕಡೆ ಇರುವ ಘಟಕಗಳಿಗೂ ಅವಕಾಶ ಕೊಟ್ಟರು. ಬರೀ ಬಿಸ್ಕತ್ತು ಫ್ಯಾಕ್ಟರಿ ಹಾಕುತ್ತೇನೆ ಅಂದ್ರೆ ಇಲ್ಲಿ ಆಗಲ್ಲ.

ಮೈಸೂರು ಕಡೆಯ ಬಾಳೆಯವರಿಗೆ ಇದು ಹೆಚ್ಚು ಹೊಂದುತ್ತದೆ. ಬಾಳೆ ಚಿಪ್ಸ್ ಎಲ್ಲರೂ ಮಾಡುತ್ತಾರೆ, ಆದರೆ ನಂಜನಗೂಡು, ಎಚ್.ಡಿ. ಕೋಟೆ ಕಡೆಯ ಗೊನೆಗೆ ಬೆಲೆ ಬೀಳುವುದು ಕಾಯಿ ಮಾಗಿಸುವ, ಇಟ್ಟುಕೊಳ್ಳುವ ಸೌಕರ್ಯ ಬೇರೆಯವರ ಕೈಯಲ್ಲಿರುವುದರಿಂದ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನು ಪ್ರಕಾರ ನಿಷಿದ್ಧ. ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಬಹುದು. ಆ ಥರದ ಮಾಗಿಸುವ ಕೊಠಡಿಗೆ ತೋಟಗಾರಿಕೆ ಮಿಷನ್‌ನಲ್ಲಿ ಶೇ 35 ಸಹಾಯಧನವೂ ಇದೆ. ತೋಟಗಾರಿಕೆ ಇಲಾಖೆಯ ಸಹಾಯಧನ, ಎಐಎಫ್ ಬಡ್ಡಿ, ಇವೆರಡನ್ನು ಜೋಡಿಸಿದರೆ ಚಿಪ್ಸ್ ಮಿಷನ್‌ಗಿಂತ ಗಟ್ಟಿ ವ್ಯವಹಾರ ಅಂತ ನನಗನಿಸುತ್ತದೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಇದೆ, ನಿಜ. ಆದರೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ ಆ ಬೆಳೆ ತೀರಾ ಕಮ್ಮಿಯಾಗಿದೆ. ಅದರ ಹೆಸರಿನ ಮೇಲೆ ಫ್ಯಾಕ್ಟರಿ ಕಟ್ಟುವ ಮೊದಲು ವರ್ಷಕ್ಕೆ ಎಷ್ಟು ಗೊನೆ ಸಿಗುತ್ತದೆ ಅಂತ ತೋಟಕ್ಕೆ ಹೋಗಿ ಎಣಿಸಿಕೊಂಡು ಬನ್ನಿ.

ರೈತ ಉತ್ಪಾದಕ ಕಂಪನಿ: ಒಬ್ಬರ ಕೈಲಿ ಆಗದ್ದು

2020ರ ಫೆಬ್ರವರಿ 29ರಂದು 10,000 ಎಫ್‌ಪಿಒ, ಅಂದರೆ ರೈತ ಉತ್ಪಾದಕ ಸಂಸ್ಥೆ ಮಾಡುವ ಯೋಜನೆ ಶುರುವಾಯಿತು. ನಮ್ಮಂಥ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಬೇಕು. ಮೂರು ವರ್ಷದಲ್ಲಿ ಆಡಳಿತ ಖರ್ಚಿಗೆ ₹18 ಲಕ್ಷದವರೆಗೆ. ಪ್ರತಿ ಸದಸ್ಯ ಹಾಕಿದ ಷೇರು ಹಣಕ್ಕೆ ಸಮನಾಗಿ ₹2,000ದವರೆಗೆ ಸರ್ಕಾರ ಕೊಡುತ್ತದೆ, ಒಂದು ಸಂಸ್ಥೆಗೆ ಒಟ್ಟು ₹15 ಲಕ್ಷ ಮೀರದಂತೆ. ₹2 ಕೋಟಿವರೆಗಿನ ಯೋಜನಾ ಸಾಲಕ್ಕೆ ಖಾತರಿ.

ಕಾಗದದಲ್ಲಿ ಚೆನ್ನಾಗಿದೆ. ನನ್ನ ಆಕ್ಷೇಪ ಒಂದೇ. ನಮ್ಮಲ್ಲಿ ಎಫ್‌ಪಿಒ ಅಂದ ಕೂಡಲೇ ಗೊಬ್ಬರದ ಅಂಗಡಿ ಇಡ್ತಾರೆ, ಇಲ್ಲ ಅಂದ್ರೆ ಮೊದಲ ವರ್ಷವೇ ಫ್ಯಾಕ್ಟರಿ ಕಟ್ಟೋಣ ಅಂತಾರೆ. ನಡುವಿನ ಕೆಲಸ, ಅಂದರೆ ಸದಸ್ಯರ ಮಾಲು ಒಟ್ಟು ಮಾಡಿ, ವಿಂಗಡಿಸಿ, ಒಂದೇ ರೇಟಿಗೆ ಮಾರುವುದು, ಅದಕ್ಕೆ ಯಾರೂ ಕೈ ಹಾಕಲ್ಲ. ಆಡಳಿತ ಖರ್ಚಿನ ದುಡ್ಡು ಮೂರು ವರ್ಷಕ್ಕೆ ನಿಲ್ಲುತ್ತದೆ. ಆ ಹೊತ್ತಿಗೆ ವಹಿವಾಟಿನಿಂದ ಸಿಇಒ ಸಂಬಳ ಹುಟ್ಟದಿದ್ದರೆ ಬೋರ್ಡ್ ಮಾತ್ರ ಉಳಿಯುತ್ತದೆ.

ಹಾಗಾದರೆ ಯಾರಿಗೆ? ಈಗಾಗಲೇ ಒಂದೇ ಬೆಳೆ ಬೆಳೆಯುವ, ಒಬ್ಬರನ್ನೊಬ್ಬರು ನಂಬುವ ನೂರಾರು ಜನ ಅಕ್ಕಪಕ್ಕದ ಊರಲ್ಲಿದ್ದರೆ ಮಾಡಿ. ಇಲ್ಲದಿದ್ದರೆ, ಹತ್ತಿರದಲ್ಲಿ ಈಗಾಗಲೇ ಇರುವ ಸಂಸ್ಥೆಗೆ ಷೇರು ಹಾಕಿ ಸದಸ್ಯರಾಗಿ, ನಿಮ್ಮ ಸ್ವಂತ ಘಟಕಕ್ಕೆ ಅಲ್ಲಿಂದ ಮಾಲು ತಂದುಕೊಳ್ಳಿ. ಪಿಎಂಎಫ್‌ಎಂಇಯಲ್ಲಿ ಎಫ್‌ಪಿಒ, ಸಹಕಾರಿ, ಸ್ವಸಹಾಯ ಸಂಘಗಳಿಗೆ ಸಾಮೂಹಿಕ ಸೌಕರ್ಯ ಕಟ್ಟಲು ಶೇ 35, ಬ್ರ್ಯಾಂಡ್ ಮತ್ತು ಮಾರಾಟಕ್ಕೆ ಶೇ 50 ನೆರವೂ ಇದೆ. ಆದರೆ ಅದು ಎರಡನೇ ಹೆಜ್ಜೆ.

ಕುರಿ ಸಾಕುವವರಿಗೆ, ಚಿಕ್ಕದಾಗಿ

ಬಂಡೂರು ಕುರಿಯ ತವರು ಮಳವಳ್ಳಿ ತಾಲ್ಲೂಕು. ಅದನ್ನೇ ಉದ್ಯಮ ಮಾಡುವವರಿಗೆ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇ 50 ಸಬ್ಸಿಡಿ ಇದೆ. 100 ಹೆಣ್ಣು, 5 ಟಗರಿನ ಘಟಕಕ್ಕೆ ಗರಿಷ್ಠ ₹10 ಲಕ್ಷ. 500 ಹೆಣ್ಣು, 25 ಟಗರಿನವರೆಗೂ ಹೋಗಬಹುದು, ಆಗ ₹50 ಲಕ್ಷ. ಇಲ್ಲಿ ಸಬ್ಸಿಡಿ ಎರಡು ಕಂತಲ್ಲಿ ಬರುತ್ತದೆ, ಕೆಲಸ ನಡೆದಂತೆ. ಶೇಕಡಾವಾರು ನೋಡಿದರೆ ಆಕರ್ಷಕ. ಆದರೆ ನೂರು ಕುರಿಗೆ ವರ್ಷಪೂರ್ತಿ ಮೇವು ಬೆಳೆಯುವ ಜಾಗ, ನೀರು ಇಲ್ಲದೆ ಹೋಗಬೇಡಿ. ಅಸಲಿ ಬಂಡೂರು ಮರಿ ಒಟ್ಟಿಗೆ ಅಷ್ಟು ಸಿಗುವುದೂ ಸುಲಭವಲ್ಲ. ಹತ್ತಿಪ್ಪತ್ತು ಕುರಿಯಿಂದ ಶುರು ಮಾಡುವವರಿಗೆ ಈ ಯೋಜನೆ ಅಲ್ಲ.

ಅಂಥವರಿಗೆ ಸಹಕಾರಿ ದಾರಿ ವಾಸಿ. ರಾಜ್ಯದಲ್ಲಿ ರೈತರಿಗೆ ಸಹಕಾರಿ ಸಂಸ್ಥೆಗಳಿಂದ ಶೇ 3 ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 2023ರ ಜುಲೈ ಬಜೆಟ್‌ನಲ್ಲಿ ₹10 ಲಕ್ಷದಿಂದ ₹15 ಲಕ್ಷಕ್ಕೆ ಏರಿಸಿದರು. ಪಿಎಲ್‌ಡಿ ಬ್ಯಾಂಕಿನಲ್ಲಿ ವಿಚಾರಿಸಿ. ಕಂತು ತಪ್ಪಿದರೆ ಆ ಶೇ 3 ಇರಲ್ಲ, ಪೂರ್ತಿ ಬಡ್ಡಿ ಬೀಳುತ್ತದೆ.

ಯಾವ ಯೋಜನೆ ಆದರೂ ಮುಗ್ಗರಿಸುವ ಜಾಗ

ಕರೆಂಟು. ಹೊಲದ ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ಉಚಿತ ವಿದ್ಯುತ್. ಅದೇ ಲೈನಿಗೆ ಗಾಣ ಜೋಡಿಸಿಕೊಂಡು ಬಿಡೋಣ ಅನ್ನುವ ಯೋಚನೆ ಬಹಳ ಜನಕ್ಕೆ ಬರುತ್ತದೆ. ಅದು ಅಕ್ರಮ, ದಂಡ ಬೀಳುತ್ತದೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಕೈಗಾರಿಕೆ ಸಂಪರ್ಕ ತೆಗೆದುಕೊಳ್ಳಬೇಕು. ಅದರ ಠೇವಣಿ, ಕಂಬ, ಟ್ರಾನ್ಸ್‌ಫಾರ್ಮರ್ ಖರ್ಚು ಎಷ್ಟಾಗುತ್ತದೆ ಅಂತ ಎಸ್ಟಿಮೇಟ್ ತಂದು ಯೋಜನಾ ವರದಿಗೆ ಸೇರಿಸಿ. ಊರಾಚೆ ಹೊಲದಲ್ಲಿ ಘಟಕ ಹಾಕುವವರ ಬಜೆಟ್ ಮೊದಲು ಹರಿದುಹೋಗುವುದು ಇಲ್ಲೇ.

ಜಾಗ. ಕೃಷಿ ಭೂಮಿಯಲ್ಲಿ ಘಟಕ ಕಟ್ಟಲು ಭೂ ಪರಿವರ್ತನೆ ಕೇಳಬಹುದು. ಪಂಚಾಯ್ತಿ ಖಾತೆ ಜಾಗವಾದರೆ ಇ-ಸ್ವತ್ತು ದಾಖಲೆ. ಪಾಲಾಗದ ಆಸ್ತಿಯಾದರೆ ಅಣ್ಣ-ತಮ್ಮಂದಿರ ಒಪ್ಪಿಗೆ ಇಲ್ಲದೆ ಬ್ಯಾಂಕ್ ಮುಂದಕ್ಕೆ ಹೋಗಲ್ಲ. ಇದನ್ನು ಮನೆಯಲ್ಲಿ ಕೂತು ಬಗೆಹರಿಸಿಕೊಳ್ಳದೆ ಕಚೇರಿ ಅಲೆಯುವುದು ಸುಮ್ನೆ.

ಅಡಮಾನ. ₹10 ಲಕ್ಷದವರೆಗಿನ ಸಣ್ಣ ಉದ್ಯಮ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಆದರೂ ಕೇಳುವವರಿದ್ದಾರೆ. ಜಗಳ ಆಡದೆ, "ಸಾರ್, ಸಿಜಿಟಿಎಂಎಸ್‌ಇ ಖಾತರಿಯಲ್ಲಿ ಮಾಡಿಕೊಡಿ" ಅನ್ನಿ. ಅಡಮಾನವಿಲ್ಲದ ಸಣ್ಣ ಉದ್ಯಮ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ನಿಧಿ ಅದು. ಆ ಹೆಸರು ನಿಮ್ಮ ಬಾಯಲ್ಲಿ ಬಂದರೆ ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ. ಹಳೆಯ ಸಾಲಗಳನ್ನು ನೀವು ಹೇಗೆ ತೀರಿಸಿದ್ದೀರಿ ಅಂತ ಹೇಳುವ ಸಿಬಿಲ್ ಅಂಕಿಯನ್ನೂ ಮೊದಲೇ ನೋಡಿಕೊಂಡು ಹೋಗಿ. ಟ್ರ್ಯಾಕ್ಟರ್ ಸಾಲ, ಒಡವೆ ಸಾಲ, ಸ್ನೇಹಿತನಿಗೆ ಹಾಕಿದ ಜಾಮೀನು, ಎಲ್ಲಾ ಅಲ್ಲಿ ಕಾಣುತ್ತದೆ.

ಬೆಲ್ಲದವರಿಗೆ ಇನ್ನೊಂದು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಹೈಡ್ರೋಸ್ ಅನ್ನುವ ರಾಸಾಯನಿಕ ಪುಡಿ ಎರಚಿದರೆ ಬಣ್ಣ ನೋಡನೋಡುತ್ತಲೇ ತಿಳಿಯಾಗಿ, ಅಚ್ಚಿನಿಂದ ತೆಗೆದಾಗ ಬೆಲ್ಲ ಹಳದಿಗೆ ಹೊಳೆಯುತ್ತದೆ. ಮಾರುಕಟ್ಟೆಯಲ್ಲಿ ಬಣ್ಣಕ್ಕೇ ರೇಟು, ಅದಕ್ಕೇ ಎರಚುತ್ತಾರೆ. ಆದರೆ ಸರ್ಕಾರಿ ಯೋಜನೆಯಲ್ಲಿ ಘಟಕ ಹಾಕಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಹಾಕಿದ ಪೊಟ್ಟಣದಲ್ಲಿ ಮಾರುವಾಗ ಮಾದರಿ ತೆಗೆದು ಪರೀಕ್ಷೆ ಮಾಡಿದರೆ ಹೊಣೆ ನಿಮ್ಮದೇ. ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆಯುವ ಹಳೆಯ ಕ್ರಮ ಇದೆ. ಬಣ್ಣ ಕಂದು ಬರುತ್ತದೆ, ಮಾರುಕಟ್ಟೆ ಬೇರೆ ಹುಡುಕಬೇಕು. ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಲ್ಲದ ಬಗ್ಗೆ ಕೆಲಸ ಮಾಡಿದವರಿದ್ದಾರೆ, ಹೋಗಿ ಕೇಳಿ. ಉಳಿದ ಆಹಾರ ಪದಾರ್ಥಗಳಿಗೆ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ನಮ್ಮ ಮಗ್ಗುಲಲ್ಲೇ ಇದೆ. 1950ರಿಂದ ಚೆಲುವಾಂಬ ಅರಮನೆಯಲ್ಲಿ ನಡೆಯುತ್ತಿದೆ, ತರಬೇತಿಯನ್ನೂ ಕೊಡುತ್ತಾರೆ, ತಂತ್ರಜ್ಞಾನವನ್ನೂ ಕೊಡುತ್ತಾರೆ. ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ, ಮಂಡ್ಯದಿಂದ ಹೋಗುವವರು ಕಮ್ಮಿ.

ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ 2022ರ ಜುಲೈನಿಂದ ಶೇ 5 ಇದೆ. ಬೆಲೆ ಗೊತ್ತು ಮಾಡುವಾಗ ಇದು ತಲೆಯಲ್ಲಿರಲಿ.

ಹಾಗಾದರೆ ಯಾವುದು?

ಆಲೆಮನೆ, ಗಾಣ, ತಿಂಡಿ ಘಟಕ ಈಗಾಗಲೇ ಇದೆ, ಮಾಲು ಕೊಳ್ಳಲು ಕೈಯಲ್ಲಿ ಸ್ವಲ್ಪ ದುಡ್ಡಿದೆ ಅನ್ನುವವರು ಪಿಎಂಎಫ್‌ಎಂಇ ಬಿಟ್ಟು ಬೇರೆ ಕಡೆ ನೋಡುವುದೇ ಬೇಡ. ಅರ್ಹತೆ ಇದ್ದರೆ ಜೊತೆಗೆ ಎಐಎಫ್ ಸೇರಿಸಿಕೊಳ್ಳಿ. ಓದು ಮುಗಿಸಿ ಊರಿಗೆ ವಾಪಸ್ ಬಂದ ಹುಡುಗ, ಹುಡುಗಿ, ಕೈಯಲ್ಲಿ ಬಂಡವಾಳ ಕಮ್ಮಿ, ಮಾಡುವುದು ಆಹಾರವೇ ಆಗಬೇಕೆಂದಿಲ್ಲ ಅನ್ನುವವರಿಗೆ ಪಿಎಂಇಜಿಪಿ. ಅರ್ಧ ಕೋಟಿ ಮೀರಿದ ಗೋದಾಮು, ಪ್ಯಾಕ್‌ಹೌಸ್‌ಗೆ ಎಐಎಫ್. ಎಫ್‌ಪಿಒವನ್ನು ಸಬ್ಸಿಡಿಗಾಗಿ ಮಾಡಬೇಡಿ, ಮಾರಾಟಕ್ಕಾಗಿ ಮಾಡಿ.

ಯಾವುದಕ್ಕೂ ಏಜೆಂಟರಿಗೆ ಶೇ 5, ಶೇ 10 ಅಂತ ಕೊಡಬೇಡಿ. ಪಿಎಂಎಫ್‌ಎಂಇಯಲ್ಲಿ ಅರ್ಜಿ ತುಂಬಿಕೊಡಲು, ವರದಿ ಮಾಡಲು, ಬ್ಯಾಂಕಿಗೆ ಓಡಾಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ಸರ್ಕಾರವೇ ನೇಮಿಸಿದೆ. ಮಂಜೂರಾದ ಒಂದೊಂದು ಅರ್ಜಿಗೆ ಅವರಿಗೆ ₹20,000ವನ್ನು ಸರ್ಕಾರ ಕೊಡುತ್ತದೆ. ಅರ್ಧ ಸಾಲ ಮಂಜೂರಾದಾಗ, ಇನ್ನರ್ಧ ನಿಮ್ಮ ನೋಂದಣಿ, ತರಬೇತಿ ಮುಗಿದಾಗ. ನೀವು ಒಂದು ರೂಪಾಯಿಯೂ ಕೊಡಬೇಕಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಯೂ ಉಚಿತ.

ಇನ್ನು ₹3-4 ಲಕ್ಷದಲ್ಲಿ ಮುಗಿಯುವ ಕೆಲಸ ನಿಮ್ಮದಾದರೆ, ಇಷ್ಟೆಲ್ಲ ಓದಿದ ಮೇಲೂ ನನ್ನ ಸಲಹೆ ಮುದ್ರಾ ಸಾಲ. ಅದರಲ್ಲಿ ಸಬ್ಸಿಡಿ ಇಲ್ಲ. ಕಿಶೋರ್ ವಿಭಾಗದಲ್ಲಿ ₹5 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಸಬ್ಸಿಡಿ ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ನೀವು ಒಂದು ಹಂಗಾಮು ಮಾಲು ಮಾಡಿ ಮಾರಿರುತ್ತೀರಿ. ಆ ಒಂದು ವರ್ಷದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ವರ್ಷ ಪಿಎಂಎಫ್‌ಎಂಇಗೆ ಹೋದಾಗ ನೀವು ಹೊಸಬರಲ್ಲ, ಓಡುತ್ತಿರುವ ಘಟಕದವರು. ಆಗ ಮ್ಯಾನೇಜರ್ ಕೇಳುವ ಮೊದಲ ಕಾಗದವೇ ಅದು.